ನರ್ಸಮ್ಮ ಕ್ರಿಸ್ಮಸ್ ಮಾರ್ಕೆಟ್ಟಿಗೆ ಬಂದದ್ದು

ನರ್ಸಮ್ಮನ ಎಡ ಹುಬ್ಬನ್ನು ಒಂದು ಗಾಯದ ಗೆರೆ ಎರಡು ತುಂಡು ಮಾಡಿತ್ತು. ಬೈಯುವಾಗ ಆ ಗೆರೆ ಕೆಂಪಗಾಗುತ್ತಿತ್ತು. ದಿನದ ಹೆಚ್ಚಿನ ಹೊತ್ತು ಅವರು ಯಾರನ್ನಾದರೂ ಬೈಯುತ್ತಲೇ ಇರುತ್ತಿದ್ದುದರಿಂದ ನನ್ನ ನೆನಪಿನಲ್ಲಿ ಅದು ಕೆಂಪಗೇ ಉಳಿದಿದೆ. ಹೆರಿಗೆ ನೋವಿನಲ್ಲಿದ್ದ ಹೆಂಗಸೊಬ್ಬಳು ಒದ್ದಾಗ ಕಬ್ಬಿಣದ ಮಂಚದ ಅಂಚು ತಾಗಿ ಆದ ಗಾಯ ಅದು. ಒದ್ದವಳು ನಮ್ಮಮ್ಮ. ಹುಟ್ಟುತ್ತಿದ್ದವಳು ನಾನು.

ಅವರು ಗಡಿಯಾಚೆಯಿಂದ, ಮಾನಂದವಾಡಿಯ ಕಡೆಯಿಂದ ನಮ್ಮ ಎನ್. ಬೇಗೂರಿಗೆ ಸರ್ಕಾರಿ ನರ್ಸಾಗಿ ಬಂದವರು. ವರ್ಗವಾದರೂ ಹೋಗಲಿಲ್ಲ, ನಿವೃತ್ತರಾದರೂ ಹೋಗಲಿಲ್ಲ. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮ ಕನ್ನಡವನ್ನು ನಮ್ಮ ಹಾಗೆಯೇ ಆಡುತ್ತಿದ್ದರು. ತುಂಬ ಸಿಟ್ಟು ಬಂದರೆ ಮಾತ್ರ ಮಾತಿನ ಮೊದಲಲ್ಲೊಂದು ‘ಮೋಳೇ’ ಬರುತ್ತಿತ್ತು. ಮಲಯಾಳದಲ್ಲಿ ಅದಕ್ಕೆ ಮಗಳೇ ಎಂದು ಅರ್ಥವಂತೆ. ನಮಗೆ ಅದು ಬೈಗುಳವೆಂದೇ ಬಹಳ ಕಾಲ ತಿಳಿದಿತ್ತು.

ಅವರ ಬಾಯಿಗೆ ಹೆದರದ ಗಂಡಸು ಊರಲ್ಲಿರಲಿಲ್ಲ. ಬಸುರಿ ಹೆಂಡತಿಯನ್ನು ಶುಂಠಿ ಹೊಲಕ್ಕೆ ಕಳಿಸಿದವನ ಮನೆಯ ಮುಂದೆ ನಿಂತು, ಬೀದಿಗೆಲ್ಲ ಕೇಳುವಂತೆ, “ನೀನ್ ಒಂದ್ ಕಿತ ಒಂಬತ್ ತಿಂಗ್ಳು ಒಟ್ಟೇಲಿ ಕಲ್ಲು ಕಟ್ಕೊಂಡು ಕಳೆ ಕೀಳು, ಆಮೇಲೆ ಅವ್ಳನ್ನ ಕಳ್ಸು” ಎನ್ನುತ್ತಿದ್ದರು. ಹೆಂಗಸರಿಗೂ ರಿಯಾಯಿತಿ ಇರಲಿಲ್ಲ. “ನೋವು ಬಂದ್ಮೇಲೆ ನಾಚ್ಕೆ ಆಚೆ ಇಡು” ಎಂಬುದು ಅವರ ಮಾತು. ಕೇಳದೆಯೇ ಸೀರೆ ಸರಿಸುತ್ತಿದ್ದರು, ಕೇಳದೆಯೇ ಒಳಗೆ ನುಗ್ಗಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದರು. ಅವರು ಜೀವ ಉಳಿಸಿದವರು ಎಷ್ಟೋ ಜನ. ಅವರನ್ನು ಮನಸಾರೆ ಶಪಿಸಿದವರೂ ಅಷ್ಟೇ ಜನ. ಎರಡೂ ಕಡೆ ಇದ್ದವರು ಬಹುತೇಕ ಅದೇ ಜನ.

ಕ್ರಿಸ್ಮಸ್ಸಿಗೆ ಅವರ ಮನೆಯ ಜಗುಲಿಯಲ್ಲಿ ಕಾಗದದ ನಕ್ಷತ್ರವೊಂದು ತೂಗುತ್ತಿತ್ತು. ಬೆಳಿಗ್ಗೆ ಬಸ್ಸು ಹಿಡಿದು ಚರ್ಚಿಗೆ ಹೋಗಿ ಬಂದು, ಮಧ್ಯಾಹ್ನ ಆ ವರ್ಷ ಹೆತ್ತವರನ್ನೆಲ್ಲ ಕೂಸುಗಳ ಜೊತೆ ಕರೆದು ಅಪ್ಪಂ, ಕೋಳಿ ಸಾರು ಬಡಿಸುತ್ತಿದ್ದರು. ಬಡಿಸುತ್ತಲೇ ಯಾರ ಮಗು ಯಾಕೆ ಸೊರಗಿದೆ ಎಂದು ಬೈಯುತ್ತಿದ್ದರು. ಹಬ್ಬದ ಕತೆಯೇನೆಂದು ನಾನು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ. “ಒಂದು ಎರಿಗೆ ಕತೆ ಕಣೇ. ತುಂಬಿದ್ ಬಸ್ರಿ ಬಂದು ಬಾಗ್ಲು ತಟ್ಟುದ್ರೆ ಇಡೀ ಊರು ಜಾಗ ಇಲ್ಲ ಅಂತು. ದನದ್ ಕೊಟ್ಟಿಗೇಲಿ ಎತ್ಲು. ಅಷ್ಟೇಯ” ಅಂದಿದ್ದರು. ದೇವರು, ದೇವದೂತರು ಯಾರೂ ಆ ಕತೆಯಲ್ಲಿ ಬರಲಿಲ್ಲ.

ನನ್ನ ಮದುವೆ ಊರೊಳಗೇ ಆಯಿತು. ಮಗಳು ಹುಟ್ಟಿ ನಾಲ್ಕು ತಿಂಗಳಾಗಿದ್ದಾಗ, ಹಿನ್ನೀರಿನ ದಂಡೆಯ ಒಂದು ರೆಸಾರ್ಟಿನವರು ಡಿಸೆಂಬರ್ ತಿಂಗಳಿಗೆಂದು ಊರಿನ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡರು. ಅಲ್ಲಿ ಕ್ರಿಸ್ಮಸ್ ಮಾರ್ಕೆಟ್ ಎಂದು ಮಾಡುತ್ತಾರಂತೆ, ವಿದೇಶದಲ್ಲಿ ಇರುವ ಹಾಗೆಯೇ. ನಾನು ಪಿಯುಸಿ ಪಾಸಾದವಳು, ನಾಲ್ಕು ಮಾತು ಇಂಗ್ಲಿಷು ಬರುತ್ತಿತ್ತು. ಬಿಸಿ ದ್ರಾಕ್ಷಿ ರಸದ ಅಂಗಡಿಗೆ ನನ್ನನ್ನು ಹಾಕಿದರು. ಚೆನ್ನಾಗಿ ಮಾಡಿದರೆ ಜನವರಿಯಿಂದ ಕಾಯಂ ಎಂದೂ ಹೇಳಿದರು. ಕೂಸನ್ನು ಒಳಗೆ ತರುವಂತಿರಲಿಲ್ಲ. ಅತ್ತೆ ಅದನ್ನು ಹಿಂದಿನ ಗೇಟಿಗೆ ಎತ್ತಿಕೊಂಡು ಬರುವುದು, ನಾನು ಬಿಡುವು ಕೇಳಿ ಹೋಗಿ ಹಾಲು ಕೊಟ್ಟು ಬರುವುದು ಎಂದು ಒಪ್ಪಂದವಾಯಿತು.

ಮಾರ್ಕೆಟ್ ಎಂದರೆ ಹೀಗಿತ್ತು. ಹುಲ್ಲುಹಾಸಿನ ಮೇಲೆ ಪ್ಲೈವುಡ್ಡಿನ ಪುಟ್ಟ ಮನೆಗಳು, ಅವುಗಳ ಸೂರಿನ ಮೇಲೆ ಥರ್ಮಕೋಲಿನ ಹಿಮ. ಹುಣಸೂರಿನ ಅಂಗಡಿಯಲ್ಲಿ ಸಿಗುವ ಮೇಣದಬತ್ತಿಯನ್ನೇ ಇಲ್ಲಿ ಸೆಣಬಿನ ದಾರ ಸುತ್ತಿ ಇಟ್ಟಿದ್ದರು. ನಮ್ಮ ಕಡೆಯ ಜೇನನ್ನೇ ಸಣ್ಣ ಶೀಶೆಗೆ ತುಂಬಿ, ಹಸಿರು ರಿಬ್ಬನ್ನು ಕಟ್ಟಿದ್ದರು. ಸ್ಪೀಕರಿನಲ್ಲಿ ಗಂಟೆಯ ಸದ್ದಿನ ಹಾಡು. ನಮಗೆಲ್ಲ ಉಣ್ಣೆಯ ಟೋಪಿ. ಕುದಿಯುವ ದ್ರಾಕ್ಷಿ ರಸದ ಹಂಡೆಯ ಮುಂದೆ ಅದನ್ನು ಹಾಕಿಕೊಂಡು ನಿಂತರೆ ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಂಡರೆ ಸೂಪರ್‌ವೈಸರ್ ಗದರುತ್ತಿದ್ದ. ಬಂದವರು ಒಂದು ಗುಟುಕು ಕುಡಿದು, ಫೋಟೊ ತೆಗೆದು, ಲೋಟವನ್ನು ಕಟ್ಟೆಯ ಮೇಲೆ ಬಿಟ್ಟು ಹೋಗುತ್ತಿದ್ದರು. ಬೇಕೆಂದು ಕೊಂಡು ಮನೆಗೊಯ್ದ ಒಂದು ವಸ್ತುವನ್ನೂ ನಾನು ನೋಡಲಿಲ್ಲ.

ಆದರೂ ನನಗೆ ಹೆಮ್ಮೆಯಿತ್ತು. ಒಂದು ಸಂಜೆ ಮನೆಯವರನ್ನು ಕರೆತರಲು ನಮಗೆ ಪಾಸು ಕೊಟ್ಟಾಗ, ನನ್ನವರು ಬರಲಾರೆನೆಂದರು. ನಾನು ನೇರ ನರ್ಸಮ್ಮನ ಮನೆಗೆ ಹೋದೆ.

“ನಿಮ್ಮ ಅಬ್ಬ ಅಲ್ವಾ ನರ್ಸಮ್ಮ, ಬನ್ನಿ.”

“ನನ್ ಅಬ್ಬಾನ ನಾನು ಪಾಸು ತೋರ್ಸಿ ನೋಡ್ಬೇಕಾ?”

“ಸುಮ್ನೆ ಒಂದ್ ಕಿತ ಬನ್ರೀ. ಸಂದಾಗದೆ.”

“ನೀನ್ ಕರೀತಿದ್ದೀಯ ಅಂತ ಬತ್ತೀನಿ. ಅವ್ರು ಕರುದ್ರೆ ಚಪ್ಲೀನೂ ಮೆಟ್ತಿರ್ಲಿಲ್ಲ.”

ಬಂದರು, ಚರ್ಚಿಗೆ ಉಡುವ ಬಿಳಿ ಸೀರೆಯಲ್ಲೇ ಬಂದರು. ನನ್ನ ಅಂಗಡಿಯಿಂದ ಅವರನ್ನು ನೋಡುತ್ತಲೇ ಇದ್ದೆ. ಥರ್ಮಕೋಲನ್ನು ಉಗುರಿನಿಂದ ಕೆರೆದು ನೋಡಿದರು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಲ್ಲಿ ತೋರಿಸುವ ಗೋದಲಿಯ ಮುಂದೆ ಬಹಳ ಹೊತ್ತು ನಿಂತರು. ಅಲ್ಲಿ ನೀಲಿ ಬಟ್ಟೆಯ ತಾಯಿ ಮರಿಯಮ್ಮನ ಬೊಂಬೆ ಮಂಡಿಯೂರಿ ಕೂತಿತ್ತು. ನನ್ನ ಹತ್ತಿರ ಬಂದು, “ಎತ್ತು ಒಂದ್ ಗಳ್ಗೆ ಆಗಿಲ್ಲ, ಅವ್ಳನ್ನ ಮಂಡಿ ಮೇಲೆ ಕೂರ್ಸವ್ರೆ. ಮಲಗ್ಸೋಕೆ ಒಬ್ರಿಗಾದ್ರೂ ಬುದ್ಧಿ ಇಲ್ವಾ?” ಎಂದರು. ನಾನು ನಗಬೇಕಿತ್ತು. ನಗಲಾಗಲಿಲ್ಲ. ಮಧ್ಯಾಹ್ನದಿಂದ ನನಗೆ ಬಿಡುವು ಸಿಕ್ಕಿರಲಿಲ್ಲ. ಎದೆ ಕಲ್ಲಿನ ಹಾಗೆ ಕಟ್ಟಿಕೊಂಡು, ಏಪ್ರನ್ನಿನ ಮುಂಭಾಗ ಒದ್ದೆಯಾಗಿತ್ತು.

ಅವರ ಕಣ್ಣು ಅಲ್ಲಿಗೇ ಹೋಯಿತು. “ಕೂಸು ಎಲ್ಲಿ?”

“ಇಂದಿನ್ ಗೇಟಲ್ಲಿ ಅತ್ತೆ ಅವ್ರೆ. ರಶ್ ಅದೆ ಅಂತ ಸೂಪರ್‌ವೈಸರ್ ಬುಡ್ತಿಲ್ಲ.”

ಹುಬ್ಬಿನ ಗೆರೆ ಕೆಂಪಗಾಯಿತು. “ಮೋಳೇ” ಎಂದರು, ಅಷ್ಟೆ. ತಿರುಗಿ ಹೊರಟರು.

ಗೇಟಿನಲ್ಲಿ ನಡೆದದ್ದನ್ನು ಅತ್ತೆ ಆಮೇಲೆ ಎಷ್ಟೋ ಸಲ ಹೇಳಿದ್ದಾರೆ. ಕೂಸು ಅತ್ತು ಅತ್ತು ದನಿ ಹೋಗಿತ್ತು. ನರ್ಸಮ್ಮ ಅದನ್ನು ಕಿತ್ತುಕೊಂಡಂತೆ ಎತ್ತಿಕೊಂಡರಂತೆ. ಕಾವಲಿನವನು ನಮ್ಮೂರಿನವನೇ, ಅಡ್ಡ ನಿಂತ. “ನೀನ್ ಉಟ್ದಾಗ ಉಸ್ರು ಇರ್ಲಿಲ್ಲ ಕಣೋ. ಕಾಲಿಡ್ದು ತಲೆಕೆಳ್ಗೆ ಮಾಡಿ ಅಳ್ಸಿದ್ದು ನಾನು. ಆ ಉಸ್ರಲ್ಲಿ ನಂಗೇ ಬೇಡ ಅಂತೀಯಾ?” ಎಂದರಂತೆ. ಅವನು ದಾರಿ ಬಿಟ್ಟ.

ಕೂಸನ್ನು ಎತ್ತಿಕೊಂಡು ಅವರು ಬೆಳಕಿನ ಸರಗಳ ನಡುವೆ ನಡೆದುಬಂದರು. ನನ್ನ ಕೈ ಹಿಡಿದು ಅಂಗಡಿಯಿಂದ ಈಚೆಗೆ ಎಳೆದರು. ಕೂರಲು ಅಲ್ಲಿ ಇದ್ದದ್ದು ಒಂದೇ ಜಾಗ. ಸಾಂತಾ ಕ್ಲಾಸ್‌ನ ಕೆಂಪು ಕುರ್ಚಿ, ಮಕ್ಕಳು ಫೋಟೊಗೆ ಸಾಲು ನಿಲ್ಲುವಲ್ಲಿ. ಸಾಂತಾ ವೇಷದಲ್ಲಿದ್ದವನು ಆ ರೆಸಾರ್ಟಿನ ತೋಟದವನು. ನರ್ಸಮ್ಮನನ್ನು ಕಂಡ ಕೂಡಲೇ ಗಡ್ಡ ಕೆಳಗೆಳೆದು ಎದ್ದುನಿಂತ. ನನ್ನನ್ನು ಅಲ್ಲಿ ಕೂರಿಸಿ ಮಗಳನ್ನು ತೊಡೆಗೆ ಹಾಕಿದರು. ತೋಟದವನು ತನ್ನ ಕೆಂಪು ಕೋಟು ಬಿಚ್ಚಿ ಅಡ್ಡ ಹಿಡಿದ, ಮುಖ ಅತ್ತ ತಿರುಗಿಸಿಕೊಂಡ. ಮಗು ಬಾಯಿ ಹಾಕಿದಾಗ ನೋವಿನಿಂದಲೋ ಹಾಯೆನಿಸಿದ್ದರಿಂದಲೋ ನನ್ನ ಕಣ್ಣಲ್ಲಿ ನೀರು ಬಂತು.

ಮ್ಯಾನೇಜರ್ ಓಡಿಬಂದ. “ಮೇಡಂ, ಇಲ್ಲಿ ಇದೆಲ್ಲ ಬೇಡ. ಗೆಸ್ಟ್‌ಗಳಿಗೆ ಇರಿಸುಮುರಿಸು ಆಗುತ್ತೆ.”

“ಯಾರು ಗೆಸ್ಟು?” ಎಂದರು ನರ್ಸಮ್ಮ. ದನಿ ಏರಿಸಲಿಲ್ಲ, ಅದೇ ಹೆಚ್ಚು ಹೆದರಿಕೆಯಾಗುವಂತಿತ್ತು. “ಈ ಅಬ್ಬದಲ್ಲಿ ಗೆಸ್ಟ್ ಅಂತ ಒಬ್ರೇ. ಆಲು ಕುಡ್ಯೋ ಕೂಸು. ಮಿಕ್ಕೋರೆಲ್ಲ ನೋಡಾಕ್ ಬಂದೋರು. ಕಾಯ್ಲಿ.”

ಅಲ್ಲಿಗೆ ಮುಗಿದಿದ್ದರೆ ಇದನ್ನು ನಾನೂ ಊರವರ ಹಾಗೆ ನಕ್ಕು ಹೇಳುತ್ತಿದ್ದೆ. ಆದರೆ ಸಾಲಿನಲ್ಲಿದ್ದ ಒಬ್ಬ ಹೆಂಗಸು, ಒಳ್ಳೆಯವಳ ಹಾಗೆಯೇ ಕಾಣುತ್ತಿದ್ದವಳು, ಖುಷಿಯಿಂದ ಕೈ ತಟ್ಟಿ ಜೊತೆಯವರಿಗೆ ಹೇಳಿದಳು: “ಅಯ್ಯೋ ನೋಡ್ರೇ, ಲೈವ್ ಗೋದಲಿ ಮಾಡಿದ್ದಾರೆ!” ಅಷ್ಟೂ ಫೋನುಗಳು ಮೇಲೆದ್ದವು. ಕೋಟಿನ ಮೇಲಿನಿಂದ ಒಬ್ಬ ಕೈ ಚಾಚಿ ಚಿತ್ರ ತೆಗೆದ. ತೋಟದವನು ಕೋಟನ್ನು ಎತ್ತರಿಸಿ ಎತ್ತರಿಸಿ ಸೋತ. ನಾನು ಟೋಪಿಯನ್ನು ಕಿತ್ತು ಮುಖಕ್ಕೆ ಮುಚ್ಚಿಕೊಂಡೆ.

ಮರುದಿನ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ.

ನರ್ಸಮ್ಮ ಬೆಳಿಗ್ಗೆಯೇ ಬಂದರು, ಎಂದಿನ ಹಾಗೆ ಕೇಳದೆ ಒಳಗೆ. ನಾನು ಬಾಗಿಲಲ್ಲೇ ತಡೆದೆ. ಅವರಿಗೆ ಎದುರಾಡಿದ್ದು ಅದೇ ಮೊದಲು.

“ಅವ್ರು ನನ್ನ ಅಂಡೆ ಮುಂದೆ ನಿಲ್ಸಿದ್ರು, ನೀವು ಕುರ್ಚಿ ಮೇಲೆ ಕೂರ್ಸಿದ್ರಿ. ಅವ್ರೂ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ. ನನ್ನ ಯಾರು ಕೇಳಿದ್ರು?”

“ಕೂಸು ಅಳ್ತಿತ್ತು.”

“ಅದು ನನ್ ಕೂಸು.”

ಅವರು ಬಂದ ದಾರಿಯಲ್ಲೇ ಹೊರಟುಹೋದರು. ಆ ವರ್ಷ ನಕ್ಷತ್ರ ಕಟ್ಟಿದ್ದು ಬೀದಿಯಿಂದ ಕಾಣಿಸಿತು. ಊಟಕ್ಕೆ ನಾನು ಹೋಗಲಿಲ್ಲ. ಎದುರಾದರೆ ಮುಖ ತಿರುಗಿಸುತ್ತಿದ್ದೆ. ಯಾರ ಫೋನಿನಲ್ಲೋ ನನ್ನ ಚಿತ್ರ ಇದೆ, ಯಾರೋ ಅದನ್ನು ಚೆಂದವೆನ್ನುತ್ತಿದ್ದಾರೆ ಎಂಬ ಯೋಚನೆ ಬಂದಾಗಲೆಲ್ಲ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಈಗ ಅಂಥ ಮಾರ್ಕೆಟ್ಟುಗಳು ಮೈಸೂರಿನಲ್ಲೂ ಆಗುತ್ತವೆ. ಡಿಸೆಂಬರ್ ಬಂದರೆ ನೆಂಟರು ಫೋನು ಮಾಡುತ್ತಾರೆ: ನೀನು ಕೆಲಸ ಮಾಡಿದ್ದೆಯಲ್ಲ, ಹೋಗಿ ನೋಡುವ ಹಾಗಿದೆಯಾ? ಇಲ್ಲ ಎನ್ನುತ್ತೇನೆ. ದೀಪ ಚೆನ್ನಾಗಿರುತ್ತದಂತಲ್ಲ, ಎನ್ನುತ್ತಾರೆ. ದೀಪ ಚೆನ್ನಾಗಿರುತ್ತದೆ. ಸಂತೆ ಎಂದರೆ ಕೊಳ್ಳುವವನೂ ಮಾರುವವನೂ ಮುಖ ನೋಡಿ ಜಗಳವಾಡುವ ಜಾಗ. ಅಲ್ಲಿ ಯಾರೂ ನಿಮ್ಮ ಮುಖ ನೋಡುವುದಿಲ್ಲ. ಹಾಲೂಡುವ ತಾಯಿ ಕಣ್ಣೆದುರು ಕೂತರೂ ಅದು ಆಟವೆಂದುಕೊಳ್ಳುವ ಹಾಗೆ ನಿಮ್ಮನ್ನು ಮಾಡಿ ಕಳಿಸುತ್ತಾರೆ. ಹೋಗಬೇಡಿ. ಕ್ರಿಸ್ಮಸ್ ನೋಡಬೇಕೆಂದಿದ್ದರೆ ಕ್ರೈಸ್ತರ ಮನೆಗೆ ಊಟಕ್ಕೆ ಹೋಗಿ, ಬೈಸಿಕೊಂಡು ಬನ್ನಿ.

ಮುಂದಿನ ಮಳೆಗಾಲದಲ್ಲಿ ನಮ್ಮೂರಿಗೆ ಆಶಾ ಕಾರ್ಯಕರ್ತೆ ಬೇಕೆಂದು ಪಂಚಾಯಿತಿಯವರು ಹೇಳಿದರು. ಬಸುರಿಯರ, ಕೂಸುಗಳ ಮನೆಮನೆಗೆ ಹೋಗಿ ನೋಡಿಕೊಳ್ಳುವ ಕೆಲಸ. ಒಂದು ಮಧ್ಯಾಹ್ನ ನರ್ಸಮ್ಮ ಛತ್ರಿ ಹಿಡಿದು ನಮ್ಮ ಅಂಗಳದಲ್ಲಿ ನಿಂತಿದ್ದರು. ಮೆಟ್ಟಿಲು ಹತ್ತಿರಲಿಲ್ಲ.

“ಒಳಕ್ ಬರ್ಲಾ?” ಎಂದರು.

ನಾನು ಮೊರದಲ್ಲಿದ್ದ ಅಕ್ಕಿಯನ್ನು ಆರಿಸಿ ಮುಗಿಸಿದೆ. ಅವರು ಮಳೆಯಲ್ಲೇ ನಿಂತಿದ್ದರು. ಕೊನೆಗೆ, “ಬನ್ನಿ” ಎಂದೆ.

ಒಳಗೆ ಬಂದು ಚಾಪೆಯ ತುದಿಯಲ್ಲಿ ಕೂತರು. “ನನ್ನ ಯಾರು ಕೇಳಿದ್ರು ಅಂದ್ಯಲ್ಲ ಅವತ್ತು. ಇಷ್ಟ್ ವರ್ಷ ಎರಿಗೆ ಮಾಡ್ಸಿದ್ದೀನಿ, ಒಬ್ಳನ್ನೂ ಕೇಳ್ದೋಳಲ್ಲ ನಾನು. ಕೇಳ್ತಾ ಕೂತಿದ್ರೆ ಎಷ್ಟೋ ಜನ ಸಾಯ್ತಿದ್ರು, ಅದು ಬೇರೆ. ಆದ್ರೆ ಕೇಳ್ದೇ ಇದ್ದಿದ್ದು ನಿಜ. ಈ ಕೆಲ್ಸುಕ್ಕೆ ಕೇಳೋಳು ಬೇಕು. ಸೇರ್ಕೋ.”

ಅದು ಕ್ಷಮೆ ಕೇಳುವ ರೀತಿಯೋ ಆಜ್ಞೆಯೋ ನನಗೆ ತಿಳಿಯಲಿಲ್ಲ. ಸೇರಿಕೊಂಡೆ. ಮುಂದಿನ ವರ್ಷಗಳಲ್ಲಿ ಅವರು ನನಗೆ ಕಲಿಸಿದ್ದಕ್ಕಿಂತ ನಾವು ಜಗಳವಾಡಿದ್ದೇ ಹೆಚ್ಚು. ಹೊಟ್ಟೆ ಮುಟ್ಟಿ ಕೂಸಿನ ತಲೆ ಯಾವ ಕಡೆಯಿದೆ ಎಂದು ತೋರಿಸುತ್ತಿದ್ದರು. ಮುಟ್ಟುವ ಮೊದಲು ಅವಳನ್ನು ಕೇಳಿ ಎಂದು ನಾನು ನೆನಪಿಸುತ್ತಿದ್ದೆ. ಗೊಣಗುತ್ತಾ, “ಮುಟ್ಲಾ?” ಎನ್ನುತ್ತಿದ್ದರು. ಆ ಒಂದು ಮಾತು ಅವರ ಬಾಯಲ್ಲಿ ಕೊನೆಯವರೆಗೂ ಒಗ್ಗಲಿಲ್ಲ.

ಹೋದ ವರ್ಷ ಅವರಿಗೆ ಹೊಟ್ಟೆಯಲ್ಲಿ ಗಡ್ಡೆಯೆಂದು ತಿಳಿಯಿತು. ತಂಗಿಯ ಮಗ ಬಂದು ಮಾನಂದವಾಡಿಯ ಆಸ್ಪತ್ರೆಗೆ ಸೇರಿಸಿದ. ನಾನು ಬಸ್ಸು ಹತ್ತಿ ನೋಡಲು ಹೋದೆ. ಮಂಚದ ಮೇಲೆ ಅವರು ತೀರ ಸಣ್ಣಗಾಗಿದ್ದರು. ಕೈ ಹಿಡಿದುಕೊಂಡೆ. ಕಣ್ಣು ತೆರೆಯದೆಯೇ ಕೇಳಿದರು, “ಊರಲ್ ಯಾರ್ಯಾರು ಬಸ್ರಿ?”

ಹೆಸರುಗಳನ್ನು ಹೇಳಿದೆ. ಕೆರೆ ಏರಿಯ ಮನೆಯ ಸೊಸೆಯ ಹೆಸರು ಬಂದಾಗ ಕಣ್ಣು ತೆರೆದರು. “ಕಾಲು ಊದವಾ?”

“ವಸಿ ಊದವೆ. ನಾಳಿದ್ದು ತಾಲ್ಲೂಕ್ ಆಸ್ಪತ್ರೆಗೆ ಕರ್ಕಂಡೋಗ್ಬೇಕು ಅಂತ...”

“ನಾಳಿದ್ದಾ? ಇಲ್ಲಿ ಯಾಕ್ ಕೂತಿದ್ದೀಯ? ಸಾಯೋಳ್ ಕೈ ಇಡ್ಕೊಂಡ್ರೆ ಏನ್ ಸಿಕ್ತದೆ? ಎದ್ದು ಓಗು. ಓಗು ಅಂತಿಲ್ವಾ!”

ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಅಷ್ಟು ದೂರದಿಂದ ಬಂದವಳನ್ನು ನಾಯಿಯ ಹಾಗೆ ಅಟ್ಟಿದರಲ್ಲ ಎಂದು ನನಗೂ ಸಿಟ್ಟು ಬಂತು. ಹೇಳದೆ ಹೊರಬಂದೆ. ಕಾಡಿನ ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವರನ್ನು ಮನಸ್ಸಿನಲ್ಲೇ ಬೈಯುತ್ತಾ ಬಂದೆ. ಬಸ್ಸಿಳಿದು ಮನೆಗೆ ಹೋಗದೆ, ನೇರ ಕೆರೆ ಏರಿಯ ಮನೆಗೆ ನಡೆದೆ.

ಸೊಸೆ ಜಗುಲಿಯಲ್ಲಿ ಕೂತಿದ್ದಳು. “ಕಾಲು ನೋಡ್ಲಾ?” ಎಂದು ಕೇಳಿದೆ. ಹ್ಞೂಂ ಎಂದಳು. ಪಾದದ ಮೇಲೆ ಬೆರಳೊತ್ತಿದೆ. ಗುಳಿ ಬಿತ್ತು, ಬೇಗ ತುಂಬಿಕೊಳ್ಳಲಿಲ್ಲ. ನಾಳಿದ್ದಿನವರೆಗೆ ಕಾಯುವಂತಿರಲಿಲ್ಲ. ಆಗ ಫೋನು ಬಂತು. ನರ್ಸಮ್ಮನ ತಂಗಿಯ ಮಗ, ಮಲಯಾಳ ಬೆರೆತ ಕನ್ನಡದಲ್ಲಿ, ದೊಡ್ಡಮ್ಮ ಹೋಗಿಬಿಟ್ಟರು ಎಂದ.

ಸರಿ ಎಂದೆ. ಫೋನನ್ನು ಕೆಳಗಿಟ್ಟು, ಇನ್ನೊಂದು ಕಾಲನ್ನೂ ಒತ್ತಿ ನೋಡಿದೆ. ಆಮೇಲೆ ಆಂಬ್ಯುಲೆನ್ಸಿಗೆ ಫೋನು ಮಾಡಿದೆ.