ಒಂದೇ ಸಲ ಅಳೆದ ಜಾಗ

೧೯೯೭ರ ಆಗಸ್ಟ್ ತಿಂಗಳ ಮೂರನೇ ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಸ್ಥಳ, ಅರಕೆರೆಯಿಂದ ಮೂರು ಮೈಲಿ ಆಚೆ, ನಾಲೆಯ ಕೆಳಗಿನ ಒಂದು ಗದ್ದೆ. ಹಾಜರಿದ್ದವರು ನಾಲ್ಕು ಜನ: ಗದ್ದೆ ಮಾಡುವ ಸಿದ್ದೇಗೌಡ, ಅವರ ಅತ್ತಿಗೆ ತಾಯಮ್ಮ, ನನ್ನ ಗೆಳೆಯ ಖಾಸಿಂ ಸಾಬರು ಮತ್ತು ನಾನು. ತಾಯಮ್ಮನ ಕೈಯಲ್ಲಿ ಒಂದು ಚೊಂಬು ಹಾಲು. ನನ್ನ ಕೈಯಲ್ಲಿ ಒಂದು ಯಂತ್ರ.

(ಮಹಜರು ಬರೆದ ಹಾಗಿದೆ ಎನ್ನಬೇಡಿ. ಮೂವತ್ನಾಲ್ಕು ವರ್ಷ ಭೂಮಾಪನದ ಕೆಲಸದಲ್ಲಿದ್ದವನು ಬೇರೆ ಹೇಗೆ ಶುರು ಮಾಡಲಿ?)

"ನನ್ ಕೂಸು ಎಲ್ಲೈತೆ, ಏಳಿ ಸ್ವಾಮಿ?" ಎಂದರು ತಾಯಮ್ಮ.

ನಾನು ಉತ್ತರ ಕೊಡಲಿಲ್ಲ. ಯಾಕೆ ಎಂಬುದೇ ಈ ವಾರದ ಅಂಕಣದ ವಿಷಯ.

ಮೊದಲು ಯಂತ್ರದ ಮಾತು ಮುಗಿಸುತ್ತೇನೆ. ಎರಡು ವರ್ಷದ ಹಿಂದೆ ಹೊರದೇಶದ ಸಂಶೋಧಕರೊಬ್ಬರು ನಮ್ಮ ಕಡೆಯ ಹಳೆಯ ಗುಡಿಗಳ ಪಟ್ಟಿ ಮಾಡಲು ಬಂದಿದ್ದರು. ಗೋವಿಂದನಹಳ್ಳಿಯಿಂದ ಹಿಡಿದು ನಾಗಮಂಗಲದವರೆಗೆ ದಾರಿ ತೋರಿಸುತ್ತ ನಾನೂ ಜೊತೆಗೆ ತಿರುಗಿದೆ. ಹೋಗುವಾಗ ತಮ್ಮ ಹಳೆಯ ಜಿಪಿಎಸ್ ಅನ್ನು ನನ್ನ ಕೈಗಿಟ್ಟು ಹೋದರು. ಸೋಪಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು. ನಾಲ್ಕು ಸೆಲ್ ಹಾಕಬೇಕು. ಬಯಲಿನಲ್ಲಿ ಹಿಡಿದು ಐದು ನಿಮಿಷ ಕಾದರೆ ಆಕಾಶದ ಉಪಗ್ರಹಗಳ ಸಂಕೇತ ಹಿಡಿದು, ನಾವು ನಿಂತ ಜಾಗದ ಅಕ್ಷಾಂಶ ರೇಖಾಂಶಗಳನ್ನು ಅಂಕಿಯಲ್ಲಿ ತೋರಿಸುತ್ತದೆ. ಆ ಅಂಕಿಯನ್ನು ಅದಕ್ಕೇ ತಿರುಗಿ ಕೊಟ್ಟರೆ, ಆ ಜಾಗಕ್ಕೆ ಬಾಣದ ಗುರುತು ತೋರಿಸಿ ಕರೆದೊಯ್ಯುತ್ತದೆ.

ಬಿಸಿಲಲ್ಲಿ ಅಳತೆಯ ಸರಪಳಿ ಎಳೆದು ಎಳೆದು ಭುಜ ಸವೆದವನಿಗೆ ಇದು ಹೇಗೆ ಕಂಡಿರಬೇಕು, ನೀವೇ ಊಹಿಸಿ.

ಅದರಲ್ಲೊಂದು ಆಟ ಹುಟ್ಟಿತು. ಖಾಸಿಂ ಸಾಬರು ರೈಲ್ವೆಯಲ್ಲಿದ್ದು ನಿವೃತ್ತರಾದವರು. ನನ್ನ ಹಾಗೆಯೇ ಗಡಿಯಾರದ ಮನುಷ್ಯ. ಒಂದು ಭಾನುವಾರ ನಾನು ಎಲ್ಲಾದರೂ ಒಂದು ಸ್ಟೀಲ್ ಡಬ್ಬಿ ಬಚ್ಚಿಟ್ಟು, ಅಂಕಿಯ ಚೀಟಿಯನ್ನೂ ಯಂತ್ರವನ್ನೂ ಅವರಿಗೆ ಕೊಡುವುದು. ಮುಂದಿನ ಭಾನುವಾರ ಅವರು ಹುಡುಕುವುದು. ಡಬ್ಬಿಯೊಳಗೆ ಒಂದು ನೋಟ್ ಪುಸ್ತಕ. ಸಿಕ್ಕ ತಾರೀಖು, ಗಂಟೆ ಬರೆದು ಸಹಿ ಹಾಕಬೇಕು. ಆಮೇಲೆ ಅವರ ಸರದಿ. ಕರಿಘಟ್ಟ, ಕುಂತಿಬೆಟ್ಟ, ಕೆ.ಆರ್.ಪೇಟೆ ರಸ್ತೆಯ ಕೆರೆ ಏರಿಗಳು, ಎಲ್ಲ ಕಡೆ ಬಚ್ಚಿಟ್ಟೆವು. ಚಿನಕುರಳಿಯ ಕಲ್ಲು ಕ್ವಾರಿ ಹತ್ತಿರ ಅರವತ್ತು ದಾಟಿದ ಇಬ್ಬರು ಪೊದೆಗೆ ಕೈಹಾಕಿ ತಡಕುವುದನ್ನು ನೋಡಿ ಕಲ್ಲು ಒಡೆಯುವವನೊಬ್ಬ, "ಏನ್ ಸ್ವಾಮಿ, ಮಂಡಿನೋವಿನ ಸೊಪ್ಪಾ? ನಮ್ಮವ್ವಂಗೂ ಒಸಿ ಕಿತ್ಕೊಡಿ" ಎಂದಿದ್ದ.

ಒಂದು ವಿಷಯ ಹೇಳಲೇಬೇಕು. ಯಂತ್ರ 'ಇಲ್ಲೇ' ಎಂದ ಜಾಗದಲ್ಲಿ ಡಬ್ಬಿ ಒಂದು ಸಲವೂ ಇರಲಿಲ್ಲ. ಐವತ್ತು ಹೆಜ್ಜೆ ಆಚೆ, ಎಂಬತ್ತು ಹೆಜ್ಜೆ ಈಚೆ.

"ಅಂಕಿ ತಪ್ಪು ಬರ್ದಿದ್ದೀರಿ ಸಾಹೇಬ್ರೇ" ಎನ್ನುತ್ತಿದ್ದರು ಅವರು.

"ನಿಮ್ಮ ಕನ್ನಡಕ ಬದಲಾಯಿಸಿ ಸಾಬ್ರೇ."

ಆದರೂ ಡಬ್ಬಿ ಸಿಗುತ್ತಿತ್ತು. ಯಾಕೆಂದರೆ ಸಾಬರು ಯಾವಾಗಲೂ ನೆರಳಿರುವ ಕಡೆ ಇಡುವವರು. ನಾನು ಬಂಡೆಯ ಈಶಾನ್ಯ ಮೂಲೆ ಬಿಟ್ಟು ಬೇರೆಡೆ ಇಟ್ಟವನಲ್ಲ. ಡಬ್ಬಿ ಹುಡುಕಿಕೊಡುತ್ತಿದ್ದದ್ದು ನಲವತ್ತು ವರ್ಷದ ಗೆಳೆತನ. ಹೊಗಳಿಸಿಕೊಳ್ಳುತ್ತಿದ್ದದ್ದು ಯಂತ್ರ. ಇಷ್ಟು ಸರಳ ಸಂಗತಿ ನನ್ನಂಥವನಿಗೆ ಆಗ ಹೊಳೆಯಲಿಲ್ಲ.

ಈಗ ತಾಯಮ್ಮನ ವಿಷಯ.

ಇಪ್ಪತ್ತಾರು ವರ್ಷದ ಹಿಂದೆ, ಶ್ರಾವಣದ ಎರಡನೇ ಭಾನುವಾರ, ಅವರ ಹನ್ನೊಂದು ತಿಂಗಳ ಹೆಣ್ಣು ಮಗು ಜ್ವರ ಬಂದು ತೀರಿಕೊಂಡಿತು. ತಮ್ಮ ಗದ್ದೆಯಲ್ಲೇ ಮಣ್ಣು ಮಾಡಿದರು. ಮೇಲೊಂದು ಮೊಳದುದ್ದದ ಕಲ್ಲು ನೆಟ್ಟರು. ಪ್ರತಿ ಶ್ರಾವಣದಲ್ಲಿ ಅದೇ ಭಾನುವಾರ ತಾಯಮ್ಮ ಆ ಕಲ್ಲಿಗೆ ಹಾಲು ಬಿಡುತ್ತಾರೆ. ಗಂಡ ತೀರಿಕೊಂಡ ವರ್ಷವೂ ತಪ್ಪಿಸಲಿಲ್ಲ.

ಆ ಗದ್ದೆಯದು ಒಂದೇ ತೊಂದರೆ. ಎರಡು ಮಟ್ಟದಲ್ಲಿತ್ತು. ನಾಲೆ ನೀರು ಮೇಲಿನ ಮಡಿಗೆ ಹತ್ತುತ್ತಿರಲಿಲ್ಲ. ಡೋಜರ್ ತರಿಸಿ ಮಟ್ಟ ಮಾಡಬೇಕೆಂದು ಮೈದುನ ಸಿದ್ದೇಗೌಡರಿಗೆ ಎಷ್ಟೋ ವರ್ಷದ ಆಸೆ. ಅತ್ತಿಗೆ ಒಪ್ಪುತ್ತಿರಲಿಲ್ಲ. ಕಲ್ಲಿದ್ದದ್ದು ತಗ್ಗಿನ ಕಡೆ. ಅಲ್ಲಿ ಮಣ್ಣು ತುಂಬುವುದೇ ಹೊರತು ತೆಗೆಯುವುದಿಲ್ಲ, ಮಗುವಿಗೆ ಏನೂ ಆಗುವುದಿಲ್ಲ ಎಂದು ಗೌಡರು ಹೇಳಿ ಸಾಕಾಗಿದ್ದರು. ಆದರೆ ಕಲ್ಲು ಕೀಳಬೇಕಲ್ಲ? ಕಿತ್ತ ಮೇಲೆ ಅದೇ ಜಾಗ ಮತ್ತೆ ಸಿಗಬೇಕಲ್ಲ?

ಹಿಂದೊಮ್ಮೆ ಅವರ ಜಮೀನು ಅಳೆದು ಭಾಗ ಮಾಡಿಕೊಟ್ಟವನು ನಾನು. ಹೋದ ಏಪ್ರಿಲ್‌ನಲ್ಲಿ ಗೌಡರು ಮನೆಗೆ ಬಂದರು. "ಸಾರ್, ನಮ್ ಮಾತ್ ಕೇಳಾಕಿಲ್ಲ ನಮ್ಮತ್ಗೆ. ನೀವ್ ಒಂದ್ ಮಾತ್ ಏಳಿದ್ರೆ ಒಪ್ಕತ್ತಾರೆ" ಎಂದರು.

ಹೋದೆ. ಯಂತ್ರ ಜೇಬಿನಲ್ಲಿತ್ತು. ಟೇಪು ಮನೆಯಲ್ಲಿತ್ತು.

ಕಲ್ಲಿನ ಮೇಲೆ ಯಂತ್ರ ಇಟ್ಟೆ. ಅಂಕಿ ಮೂಡಿತು. ಡಿಗ್ರಿ, ಮಿನಿಟು, ಮಿನಿಟಿನ ಮೇಲೆ ಮೂರು ದಶಾಂಶ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕೊನೆಯ ಅಂಕಿ ಒಂದು ಬದಲಾದರೆ ನೆಲದ ಮೇಲೆ ಆರಡಿ. ಅಂದರೆ ಆರಡಿಯೊಳಗೆ ಜಾಗ ಸಿಕ್ಕ ಹಾಗೆ! ಫೀಲ್ಡ್ ಬುಕ್ಕಿನಲ್ಲಿ ಬರೆದುಕೊಂಡೆ.

"ಗೂಟ ಒಡ್ಕಳಾಕಿಲ್ವಾ ಸ್ವಾಮಿ?" ಎಂದು ಕೇಳಿದರು ತಾಯಮ್ಮ.

"ಗೂಟ ಡೋಜರ್‌ಗೆ ಸಿಕ್ಕಿ ಹೋಗುತ್ತಮ್ಮ. ಇದು ಹೋಗಲ್ಲ. ಆಕಾಶದಿಂದ ಅಳೆದದ್ದು" ಎಂದೆ.

ಅವರು ಯಂತ್ರವನ್ನು ನೋಡಿದರು. ನನ್ನನ್ನು ನೋಡಿದರು. "ನೀವ್ ಏಳುದ್ ಮ್ಯಾಲೆ ಸರಿ" ಎಂದರು.

ಒಪ್ಪಿದ್ದು ಯಂತ್ರಕ್ಕಲ್ಲ, ನನಗೆ.

ಸೇವೆಯಲ್ಲಿದ್ದಷ್ಟು ಕಾಲ ನಾನು ಯಾವ ಗೆರೆಯನ್ನೂ ಒಂದೇ ಸಲ ಅಳೆದವನಲ್ಲ. ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ. ಎರಡೂ ತಾಳೆಯಾದರೆ ಮಾತ್ರ ಬರೆಯುವುದು. ಕೈಕೆಳಗಿನವರು ಒಂದೇ ಅಳತೆ ತಂದರೆ ಪುಸ್ತಕ ವಾಪಸು ಎಸೆದವನು ನಾನು. ಮಳೆ ಬರುತ್ತಿದೆ ಸಾರ್ ಎಂದರೂ ಬಿಟ್ಟವನಲ್ಲ. ಅಂಥವನು ಅವತ್ತು ಒಂದು ಸಲ ನೋಡಿ ಪುಸ್ತಕ ಮುಚ್ಚಿದೆ. ಮೂರು ದಶಾಂಶ ಕಂಡರೆ ಸಾಕೇ? ಅಂಕಿ ಉದ್ದವಾದಷ್ಟೂ ನಿಜ ಹೆಚ್ಚಾಗುತ್ತದೆಯೇ? ನನ್ನ ಕಿರಿಯನೊಬ್ಬ ಇದೇ ತಪ್ಪು ಮಾಡಿದ್ದರೆ ನಾನು ಏನೇನು ಅನ್ನುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಡೋಜರ್ ಬಂತು. ಎರಡು ಮಡಿಗಳ ನಡುವಿನ ಒಳಬದು ಹೋಯಿತು. ಬದುವಿನ ಮೇಲಿದ್ದ ಹೊಂಗೆ ಮರ ಹೋಯಿತು. ಎರಡು ದಿನದಲ್ಲಿ ಗದ್ದೆ ಹಾಸಿದ ಚಾಪೆಯಾಯಿತು. ಕಲ್ಲು ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿತು.

ಜುಲೈ ಕೊನೆಯಲ್ಲಿ ಜಾಗ ಗುರುತಿಸಲು ಹೋದೆ. ಯಂತ್ರ ನನ್ನನ್ನು ಪಕ್ಕದವರ ಕಬ್ಬಿನೊಳಕ್ಕೆ ಕರೆದೊಯ್ದಿತು. ಮಾರನೆಯ ದಿನ ನಾಲೆಯ ಏರಿಗೆ. ಮೂರನೆಯ ದಿನ ಗದ್ದೆಯ ಒಳಗೇ, ಆದರೆ ಮೇಲಿನ ಮಡಿಯಿದ್ದ ಕಡೆ. ಗದ್ದೆಯ ಹೊರ ಮೂಲೆಯಲ್ಲಿ ಗಡಿ ಗುರುತಿಗೆ ನೆಟ್ಟ ಬಾಂದು ಕಲ್ಲಿನ ಮೇಲೆ ಯಂತ್ರವಿಟ್ಟು ಹದಿನಾಲ್ಕು ದಿನ, ಬೆಳಿಗ್ಗೆ ಏಳಕ್ಕೆ ಸರಿಯಾಗಿ, ಅಂಕಿ ಬರೆದೆ. ಅಲುಗಾಡದ ಕಲ್ಲು ಅದು. ಅಂಕಿ ಮಾತ್ರ ದಿನಕ್ಕೊಂದು. ವ್ಯತ್ಯಾಸ ಮುನ್ನೂರು ಅಡಿಯವರೆಗೆ. ಗದ್ದೆಯ ಉದ್ದವೇ ಅಷ್ಟಿಲ್ಲ!

ಯಂತ್ರದ ಜೊತೆಗಿದ್ದ ಕೈಪಿಡಿಯನ್ನು ಆಗ ಪೂರ್ತಿ ಓದಿದೆ. ಕೊನೆಯ ಕಡೆ ಸಣ್ಣ ಅಕ್ಷರದಲ್ಲಿತ್ತು. ಉಪಗ್ರಹಗಳ ಒಡೆಯರಾದ ಹೊರದೇಶದ ಸೇನೆಯವರು, ಹೊರಗಿನವರ ಕೈಗೆ ನಿಖರತೆ ಸಿಗಬಾರದೆಂದು, ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಾರಂತೆ. ಎರಡು ವರ್ಷದಿಂದ ಆ ಪುಸ್ತಕ ನನ್ನ ಮೇಜಿನ ಮೇಲೇ ಇತ್ತು.

"ಹದಿನಾಲ್ಕು ದಿನದ್ದು ಸರಾಸರಿ ತೆಗೀರಲ್ಲ" ಎಂದರು ಖಾಸಿಂ ಸಾಬರು.

"ಸಾಬ್ರೇ, ನಿಮ್ಮ ಸ್ಟೇಷನ್ನಿನ ಗಡಿಯಾರ ದಿನಕ್ಕೊಂದು ಥರ ತಪ್ಪು ತೋರಿಸುತ್ತೆ ಅಂತಿಟ್ಕೊಳ್ಳಿ. ಏಪ್ರಿಲ್‌ನಲ್ಲಿ ಒಂದೇ ಒಂದು ದಿನ ಅದನ್ನು ನೋಡಿ ರೈಲು ಬಂದ ಹೊತ್ತು ಬರೆದಿರಿ. ಅವತ್ತು ಅದು ಎಷ್ಟು ತಪ್ಪಿತ್ತು ಅಂತ ಈಗ ಹದಿನಾಲ್ಕು ದಿನ ನೋಡಿದರೆ ಗೊತ್ತಾಗುತ್ತಾ?"

ರೈಲ್ವೆಯವರಿಗೆ ಇದು ಬೇಗ ಅರ್ಥವಾಗುತ್ತದೆ.

ಹಳೆಯ ನಕ್ಷೆ ತೆಗೆಸಿ ನೋಡಿದೆ. ಹೊರಗಡಿ ಬಿಟ್ಟು ಒಳಗಿನದು ಏನೂ ಇಲ್ಲ. ಗೌಡರನ್ನು ಎರಡು ಸಲ ಕೇಳಿದರೆ ಎರಡು ಕಡೆ ತೋರಿಸಿದರು. ತಾಯಮ್ಮನಿಗೆ ಗೊತ್ತಿದ್ದದ್ದು ಒಳಬದುವಿನಿಂದ ಹದಿನೆಂಟು ಹೆಜ್ಜೆ, ಹೊಂಗೆಯ ನೆರಳು ಮುಗಿಯುವ ಕಡೆ. ಬದು ಎಲ್ಲಿ? ಹೊಂಗೆ ಎಲ್ಲಿ?

ಇನ್ನೊಂದು ಕಡೆ ನಾಟಿಯ ಅವಸರ. ನಾಟಿಗೆಂದು ಬೆಳೆಸಿದ ಒಟ್ಲು ಪೈರು ಆಗಲೇ ಬಲಿಯುತ್ತಿತ್ತು. ಕಲ್ಲು ನೆಡುವವರೆಗೆ ಗದ್ದೆಗೆ ನೀರು ಬಿಡಬೇಡಿ ಎಂದು ತಾಯಮ್ಮ ಹಟ ಹಿಡಿದಿದ್ದರು. ಹೀಗೆ ಬಂತು ಆ ಭಾನುವಾರ.

ಕೂಸು ಎಲ್ಲಿ ಎಂದು ತಾಯಮ್ಮ ಕೇಳಿದ್ದಕ್ಕೆ ಉತ್ತರ ಕೊಡದೆ ನಾನು ನಾಲೆಯ ಏರಿ ಕಡೆ ನಾಲ್ಕು ಹೆಜ್ಜೆ ಹೋದೆ. ಸಾಬರು ಹಿಂದೆಯೇ ಬಂದರು.

"ಸಾಹೇಬ್ರೇ, ಒಂದು ಜಾಗ ತೋರ್ಸಿಬಿಡಿ" ಎಂದರು, ದನಿ ತಗ್ಗಿಸಿ. "ಆ ತಾಯಿ ಹಾಲು ಬಿಡ್ತಾರೆ, ದಿಲ್ ಹಗುರ ಆಗ್ತದೆ. ಯಾರಿಗೆ ನಷ್ಟ?"

"ಸುಳ್ಳು ಅಳತೆ ಆಗುತ್ತೆ ಸಾಬ್ರೇ."

"ಅಲ್ಲಾ, ಇಲ್ಲೂ ಅಳತೇನಾ? ಈ ಹಟ ಯಾರಿಗೋಸ್ಕರ? ಅವರಿಗೋಸ್ಕರಾನಾ, ನಿಮಗೋಸ್ಕರಾನಾ?"

ವಾಪಸು ಬಂದೆ. ಗದ್ದೆಯೊಳಗೆ ನಡೆದೆ. ಯಂತ್ರ ನೋಡಿದ ಹಾಗೆ ಮಾಡಿ ಒಂದು ಕಡೆ ನಿಂತೆ. "ಇಲ್ಲಿ" ಎಂದೆ.

ಹೌದು, ಅಂದೆ. ಬರೆದೇ ಬಿಡುತ್ತೇನೆ.

ಗೌಡರು ಗುದ್ದಲಿ ಎತ್ತಿ ಎರಡು ಏಟು ಹಾಕಿದರು. ತಾಯಮ್ಮ ಮಂಡಿಯೂರಿ ಕೂತು, ಅಗೆದ ಮಣ್ಣಿನ ಮೇಲೆ ಅಂಗೈ ಇಟ್ಟರು. ತಲೆ ಎತ್ತಿ ನನ್ನನ್ನೇ ನೋಡಿ ಕೇಳಿದರು: "ಇಲ್ಲೇಯಾ ಸ್ವಾಮಿ? ಸರ್ಯಾಗ್ ಇಲ್ಲೇಯಾ?"

ಯಂತ್ರವನ್ನು ಜೇಬಿಗೆ ಹಾಕಿದೆ.

"ಇಲ್ಲಮ್ಮ" ಎಂದೆ. "ನನಗೆ ಗೊತ್ತಿಲ್ಲ. ಯಂತ್ರ ತಪ್ಪು. ಯಂತ್ರಕ್ಕಿಂತ ನಾನು ತಪ್ಪು. ಅವತ್ತು ಟೇಪು ಹಿಡಿದು ಅಳೆಯಬೇಕಿತ್ತು, ಅಳೆಯಲಿಲ್ಲ."

ಗೌಡರ ಗುದ್ದಲಿ ನಿಂತಿತು. ಸಾಬರು ಮುಖ ಆಚೆ ತಿರುಗಿಸಿದರು.

ತಾಯಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಅವತ್ತೇ ಕೇಳುದ್ನಲ್ಲ ಸ್ವಾಮಿ, ಗೂಟ ಒಡ್ಕಳಾಕಿಲ್ವಾ ಅಂತ" ಎಂದರು, ಅಷ್ಟೆ.

"ಓಗ್ಲಿ ಬುಡತ್ಗೆ. ಸಾರೇನ್ ಬೇಕೂಂತ ಮಾಡುದ್ರಾ?" ಎಂದರು ಗೌಡರು.

"ನಾನೇನಾರ ಅಂದ್ನೇನಪ್ಪ?" ತಾಯಮ್ಮ ಕೈಯ ಮಣ್ಣು ಒರೆಸಿಕೊಂಡು ಎದ್ದರು. "ಇಷ್ಟ್ ವರ್ಸ ಕಣ್ಮುಚ್ಕಂಡ್ ಬಂದ್ರೂ ಕಾಲು ಅಲ್ಗೇ ಓಯ್ತಿತ್ತು. ಈಗ ಕಣ್ ಬುಟ್ಕಂಡಿದ್ರೂ ಎಲ್ಲಾ ಒಂದೇ ತರ ಕಾಣ್ತೈತೆ."

ಆಮೇಲೆ ಮೈದುನನಿಗೆ ಹೇಳಿದರು: "ಕಲ್ಲ ಬದುನ್ ಮೂಲೇಲಿ ನೆಟ್ಬುಡು ಸಿದ್ದಣ್ಣ. ನೇಗ್ಲುಗೆ ಸಿಕ್ಕದಂಗಿರ್ಲಿ. ನೀರ್ ಬುಡು, ಪೈರು ಬಲ್ತೋಯ್ತದೆ."

"ಆಲು?" ಗೌಡರು ಚೊಂಬಿನ ಕಡೆ ಕೈ ತೋರಿಸಿದರು.

"ಯಾವ ಮಣ್ಣಿಗ್ ಬುಡ್ಲಿ?"

ಹಾಲಿನ ಚೊಂಬಿಗೆ ಸೆರಗು ಮುಚ್ಚಿಕೊಂಡು ಊರ ಕಡೆ ನಡೆದರು. ತಿರುಗಿ ನೋಡಲಿಲ್ಲ.

ಗೌಡರು ಗದ್ದೆಯ ಹೊರಬದುವಿನ ಮೂಲೆಯಲ್ಲಿ ಕಲ್ಲು ನೆಟ್ಟರು. ಈ ಸಲ ಮರೆಯದೆ ತಂದಿದ್ದ ಟೇಪು ತೆಗೆದು, ಒಂದು ತುದಿಯನ್ನು ಸಾಬರ ಕೈಗೆ ಕೊಟ್ಟೆ. ನಾಲೆಯ ತೂಬಿನಿಂದ ಒಂದು ಅಳತೆ, ಎರಡು ಬಾಂದು ಕಲ್ಲುಗಳಿಂದ ಎರಡು. ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ. ವ್ಯತ್ಯಾಸ ಅರ್ಧ ಅಂಗುಲ. ಎರಡು ಪ್ರತಿ ಬರೆದು ಒಂದನ್ನು ಗೌಡರಿಗೆ ಕೊಟ್ಟೆ. ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಅವರು ತೂಬು ಎತ್ತಿದರು. ನೀರು ಗದ್ದೆಯ ತುಂಬ ಒಂದೇ ಸಮನೆ ಹರಡಿತು.

ಆ ಕಲ್ಲು ಎಲ್ಲಿದೆ ಎಂದು ಇನ್ನು ಯಾರು ಕೇಳಿದರೂ ಅರ್ಧ ಅಂಗುಲದೊಳಗೆ ಹೇಳಬಲ್ಲೆ. ತಾಯಮ್ಮ ಕೇಳಿದ್ದು ಕಲ್ಲನ್ನಲ್ಲ.