ನಾನು ಬರೆದ ಎರಡು ಚೀಟಿಗಳು

ಎರಡೂ ಚೀಟಿಗಳಲ್ಲಿ ನಾನು "ಬೇಡ" ಎಂದೇ ಬರೆದಿದ್ದೆ.

ಹದಿನೇಳು ವರ್ಷಗಳಿಂದ ಇದನ್ನು ಯಾರಿಗೂ ಹೇಳಿಲ್ಲ. ಹೇಳಬೇಕೆಂದು ಒಳಗೊಳಗೇ ಒದ್ದಾಡಿದೆ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಹುಟ್ಟೀತು, ಆದರೆ ಅದು ಸುಳ್ಳು. ಮೊದಲ ಒಂದೆರಡು ವರ್ಷ ಹೆದರಿಕೆ ಇತ್ತು. ಆಮೇಲೆ ಅದೂ ಹೋಯಿತು. ಕಾಲು ಮಡಚಿಕೊಂಡು ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ. ಜೋಮು ಹಿಡಿದ ಕಾಲು ನೋಯುವುದಿಲ್ಲ, ಎದ್ದು ನಿಂತಾಗಲೇ ತೊಂದರೆ. ಇವತ್ತು ನಾನು ಎದ್ದು ನಿಲ್ಲಬೇಕಾಗಿ ಬಂದಿದೆ.

ಭಾಂಡುಪ್ ಸ್ಟೇಷನ್ನಿನ ಹತ್ತಿರ ಒಂದು ಉಡುಪಿ ಹೋಟೆಲಿನಲ್ಲಿ ನಾನು ಮ್ಯಾನೇಜರ್. ಊಟದ ಗಲಾಟೆ ಮುಗಿದು ಸಂಜೆಯ ಚಹಾ ಶುರುವಾಗುವವರೆಗೆ ಶಟರ್ ಅರ್ಧ ಇಳಿದಿರುತ್ತದೆ. ಆ ಹೊತ್ತಿನಲ್ಲಿ, ಕೈ ತೊಳೆಯುವ ಬೇಸಿನ್ನಿನ ಪಕ್ಕದ ಟೇಬಲ್ಲಿನಲ್ಲಿ ಕೂತು, ಆರ್ಡರ್ ಪ್ಯಾಡಿನ ಹಾಳೆಗಳ ಹಿಂಬದಿಯಲ್ಲಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಕ್ಷರ ಚೆಂದ. ದಿನಾ ಬೆಳಿಗ್ಗೆ ಬಾಗಿಲಿನ ಬೋರ್ಡಿನಲ್ಲಿ ಇವತ್ತಿನ ಸ್ಪೆಷಲ್ ಏನೆಂದು ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಬರೆದು, ಕೊನೆಗೆ ಯಾರೂ ಓದದಿದ್ದರೂ ಕನ್ನಡದಲ್ಲೊಂದು ಸಾಲು ಬರೆಯುವವನು ನಾನೇ. ಮನೆಯಲ್ಲೂ ಬರೆಯುವ ಕೆಲಸವೆಲ್ಲ ನನ್ನದೇ. ಚೀಟಿ ಬರೆಯುವ ಕೆಲಸವೂ ಹಾಗೆಯೇ ನನ್ನ ಪಾಲಿಗೆ ಬಂದದ್ದು.

ನನ್ನ ಹೆಂಡತಿ ಶಶಿಕಲಾ ನರ್ಸ್. ಪವಾಯಿಯ ಒಂದು ಆಸ್ಪತ್ರೆಯಲ್ಲಿ ಆಗಲೂ ನರ್ಸ್, ಈಗಲೂ ನರ್ಸ್. ವಿಕ್ರೋಳಿಯ ನಮ್ಮ ಬಿಲ್ಡಿಂಗಿನಿಂದ ಎರಡು ಬಸ್ಸು ಬದಲಿಸಿ ಹೋಗುತ್ತಾಳೆ. ಮಗಳು ಅಕ್ಷತಾಗೆ ಆರು ವರ್ಷವಾಗಿದ್ದಾಗ ಶಶಿ ಇಂಗ್ಲಿಷ್ ಪರೀಕ್ಷೆ ಬರೆದು ಪಾಸಾದಳು, ಐರ್ಲೆಂಡಿನ ಒಂದು ಆಸ್ಪತ್ರೆಯಿಂದ ಕೆಲಸದ ಪತ್ರ ಬಂತು. ಅದೇ ವಾರ್ಡಿನ ಲೀಲಾ ಎಂಬ ಗೆಳತಿಗೂ ಬಂತು. ಲೀಲಾ ಮರುದಿನವೇ ಹೂಂ ಎಂದಳು. ಶಶಿ ಹಾಗೆ ಹೇಳುವವಳಲ್ಲ. ಅವಳಿಗೆ ನಾನು ಹೂಂ ಎನ್ನಬೇಕಿತ್ತು.

ಕಾಗದಪತ್ರಗಳ ಬಗ್ಗೆ ವಿಚಾರಿಸಲು ನಾವಿಬ್ಬರೂ ಒಬ್ಬ ಏಜೆಂಟನ ಆಫೀಸಿಗೆ ಹೋದೆವು. ಅವನು ಶಶಿಯ ಫೈಲು ನೋಡಿ ಬಹಳ ಮರ್ಯಾದೆಯಿಂದ ಮಾತಾಡಿದ. ಆಮೇಲೆ ಪೆನ್ನಿನ ತುದಿಯಿಂದ ನನ್ನ ಕಡೆ ತೋರಿಸಿ, "ಸರ್ ಡಿಪೆಂಡೆಂಟ್ ಮೇ ಆಯೇಂಗೆ. ವಹಾಂ ಕಿಚನ್ ವಿಚನ್ ಮೇ ಕುಛ್ ಮಿಲ್ ಜಾಯೇಗಾ" ಅಂದ. ಹೆಂಡತಿಯ ಅವಲಂಬಿತನಾಗಿ ನಾನು ಹೋಗಬಹುದು, ಅಲ್ಲಿ ಯಾವುದಾದರೂ ಅಡುಗೆಮನೆಯಲ್ಲಿ ಏನಾದರೂ ಸಿಕ್ಕೀತು ಎಂದು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಶಶಿ ಆ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ — ಅವಳು ಫಾರಂ ತುಂಬುತ್ತಿದ್ದಳು. ನಾನು ಗೋಡೆಯ ಮೇಲಿನ ಗಡಿಯಾರ ನೋಡುತ್ತ ಕೂತಿದ್ದೆ. ಹದಿನೈದನೇ ವಯಸ್ಸಿನಲ್ಲಿ ಟೇಬಲ್ ಒರೆಸಲು ಬಂದವನು ಕೌಂಟರಿನ ಕುರ್ಚಿಯವರೆಗೆ ಬಂದಿದ್ದೆ. ಇನ್ನು ಹೆಂಡತಿಯ ಕಾಗದದಲ್ಲಿ ಒಂದು ಸಾಲಾಗಿ ವಿಮಾನ ಹತ್ತಿ, ಮತ್ತೆ ಟೇಬಲ್ ಒರೆಸಲು —

ಆ ವಾಕ್ಯವನ್ನು ಅವತ್ತೂ ಮನಸ್ಸಿನಲ್ಲಿ ಮುಗಿಸಲಿಲ್ಲ.

ಮನೆಗೆ ಬಂದು ನೋಟ್‌ಬುಕ್ಕಿನ ಹಾಳೆಯ ಮಧ್ಯೆ ಗೆರೆ ಎಳೆದೆ. ಒಂದು ಕಡೆ "ಹೋದರೆ", ಇನ್ನೊಂದು ಕಡೆ "ಇದ್ದರೆ". ಲಾಭ ನಷ್ಟ ಎರಡನ್ನೂ ಸರಿಯಾಗಿ ತೂಗಿ ನೋಡೋಣ ಎಂದು ಹೇಳಿದವನು ನಾನೇ. ಶಶಿ ಹೇಳುತ್ತ ಹೋದಳು: ಮಗುವಿನ ಉಬ್ಬಸಕ್ಕೆ ಅಲ್ಲಿಯ ಗಾಳಿ ಒಳ್ಳೆಯದು, ಅಲ್ಲಿ ಒಬ್ಬ ನರ್ಸಿಗೆ ಇಷ್ಟೇ ರೋಗಿಗಳು ಎಂಬ ಲೆಕ್ಕವಿದೆ, ಮುಂದೆ ಓದಿ ಮೇಲಿನ ಕೆಲಸಕ್ಕೂ ಹೋಗಬಹುದು, ಡ್ಯೂಟಿ ಮುಗಿದ ಮೇಲೆ ಮಗಳ ಜೊತೆ ಕೂರಲು ಹೊತ್ತು ಸಿಗುತ್ತದೆ. "ಹೋದರೆ" ಎಂಬ ಕಡೆ ಬೇಗ ಬೇಗ ತುಂಬಿತು. ನಾನು ಇನ್ನೊಂದು ಕಡೆ ತುಂಬಿಸತೊಡಗಿದೆ. ಚಳಿ. ಊಟ. ಹಬ್ಬ ಹರಿದಿನ ಇಲ್ಲ. ಕಷ್ಟಕ್ಕೆ ಪಕ್ಕದ ಮನೆಯವರು ಇಲ್ಲ. ಇನ್ನೂ ಕಡಿಮೆ ಬಿತ್ತು. ಕೊನೆಗೆ, ಅಲ್ಲಿಗೆ ಹೋದರೆ ಮಗಳಿಗೆ ಕನ್ನಡ ಮರೆತುಹೋಗುತ್ತದೆ ಎಂದು ಬರೆದೆ. ಅದನ್ನು ಬರೆಯುವಾಗ ನನ್ನ ಮುಖದಲ್ಲಿ ದೊಡ್ಡ ಚಿಂತೆ ಇದ್ದಿರಬೇಕು, ಶಶಿ ಅದನ್ನು ನಂಬಿದಳು. ನಿಜವಾದ ಕಾರಣ ಒಂದೇ ಒಂದು ಇತ್ತು, ಅದನ್ನು ಮಾತ್ರ ಎರಡೂ ಕಡೆ ಬರೆಯಲಿಲ್ಲ.

ಅವಳು ಎರಡೂ ಕಡೆಯ ಸಾಲುಗಳನ್ನು ಬೆರಳಿಟ್ಟು ಎಣಿಸಿದಳು.

"ಸಮ ಆಯ್ತಲ್ಲ" ಅಂದಳು. "ಎಂತ ಮಾಡುವುದು ಈಗ? ದೇವರಿಗೇ ಬಿಡುವ. ಚೀಟಿ ಹಾಕುವ. ನೀವೇ ಬರೀರಿ."

ನಮ್ಮ ಮನೆಗಳಲ್ಲಿ ಇದು ಹೊಸತಲ್ಲ. ಹುಡುಗಿಗೆ ಯಾವ ಸಂಬಂಧ, ಹೋಟೆಲಿಗೆ ಯಾವ ಜಾಗ ಎಂದು ತೋಚದೇ ಹೋದಾಗ ಎರಡು ಚೀಟಿ ಬರೆದು, ಒಂದೇ ಥರ ಮಡಚಿ, ಹರಿವಾಣದಲ್ಲಿ ಹೂವಿನ ಜೊತೆ ದೇವರ ಮುಂದೆ ಇಡುತ್ತೇವೆ. ಮಗುವಿನ ಕೈಯಿಂದ ಒಂದನ್ನು ಎತ್ತಿಸುತ್ತೇವೆ. ಬಂದದ್ದನ್ನು ಮತ್ತೆ ಪ್ರಶ್ನಿಸುವ ಹಾಗಿಲ್ಲ. ಉಳಿದ ಚೀಟಿಯನ್ನು ಯಾರೂ ಬಿಡಿಸಿ ನೋಡಬಾರದು, ಹಾಗೆಯೇ ನೀರಿಗೆ ಬಿಡಬೇಕು. ನಾನು ಹುಟ್ಟುವ ಮೊದಲಿನಿಂದ ಇರುವ ಕ್ರಮ ಇದು. ನಾನು ನಂಬಿದ್ದು ದೇವರನ್ನಲ್ಲ, ಆ ಕೊನೆಯ ಕ್ರಮವನ್ನು — ಉಳಿದದ್ದನ್ನು ಯಾರೂ ಬಿಡಿಸುವುದಿಲ್ಲ ಎಂಬುದನ್ನು.

ಹೋಟೆಲಿನ ಆರ್ಡರ್ ಪ್ಯಾಡಿನಿಂದ ಒಂದು ಹಾಳೆ ಹರಿದು ಎರಡು ತುಂಡು ಮಾಡಿದೆ. ಒಂದರಲ್ಲಿ "ಬೇಡ" ಎಂದು ಬರೆದೆ. ಎರಡನೆಯದನ್ನು ಎದುರಿಗಿಟ್ಟುಕೊಂಡು "ಹೋ" ಎಂಬ ಅಕ್ಷರವನ್ನು ಬರೆಯಲು ಪೆನ್ನು ಇಟ್ಟದ್ದು ನೆನಪಿದೆ. ಕೈ ಮತ್ತೆ "ಬೇಡ" ಎಂದೇ ಬರೆಯಿತು. ಕೈ ಬರೆಯಿತು ಎನ್ನುವುದೂ ಒಂದು ಜಾಣತನ. ನಾನೇ ಬರೆದೆ, ಗೊತ್ತಿದ್ದೇ ಬರೆದೆ.

ಸೋಮವಾರ ಬೆಳಿಗ್ಗೆ. ಅಕ್ಷತಾಗೆ ಸ್ನಾನ ಮಾಡಿಸಿ, ಸ್ಕೂಲ್ ಯೂನಿಫಾರಂ ಹಾಕಿಸಿ, ಎರಡು ಜಡೆ ಕಟ್ಟಿ, ದೇವರ ಮುಂದೆ ಕೂರಿಸಿದ್ದಾಯಿತು. ಶಶಿ ಕಣ್ಣು ಮುಚ್ಚಿದ್ದಳು. ಅವಳ ತುಟಿ ಅಲುಗುತ್ತಿತ್ತು. ಏನು ಬೇಡಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಿತ್ತು, ಯಾಕೆಂದರೆ ಹಿಂದಿನ ದಿನ ಅವಳು ಬೀರುವಿನಿಂದ ಉಣ್ಣೆಯ ಶಾಲು ತೆಗೆದು ಬಿಸಿಲಿಗೆ ಹಾಕಿದ್ದಳು. ಮಗು ಮೊದಲು ಎಡಗಡೆಯ ಚೀಟಿಗೆ ಕೈ ಹಾಕಿತು. ಏನೋ ಯೋಚಿಸಿ ಬಿಟ್ಟಿತು. ಬಲಗಡೆಯದನ್ನು ಎತ್ತಿ ಅಮ್ಮನ ಕೈಗೆ ಕೊಟ್ಟಿತು.

ಶಶಿ ಬಿಡಿಸಿ ಓದಿದಳು. ಅದನ್ನು ಕಣ್ಣಿಗೊತ್ತಿಕೊಂಡು ದೇವರ ಫೋಟೋದ ಹಿಂದೆ ಇಟ್ಟಳು. "ಆಯ್ತು" ಅಂದಳು. ನಂತರ ಮಗಳ ಟಿಫಿನ್ನು ತುಂಬಲು ಅಡುಗೆಮನೆಗೆ ಹೋದಳು.

ಉಳಿದ ಚೀಟಿಯನ್ನು ನಾನೇ ತೆಗೆದುಕೊಂಡೆ. ಹೋಟೆಲಿನ ತರಕಾರಿಗೆ ವಾಶಿಯ ಮಂಡಿಗೆ ಹೋಗುವುದಿತ್ತು, ಲೋಕಲ್ ರೈಲು ಖಾಡಿಯ ಹಿನ್ನೀರಿನ ಸೇತುವೆ ದಾಟುವಾಗ ಬಿಟ್ಟರಾಯಿತು ಎಂದೆ. ರೈಲಿನ ಬಾಗಿಲಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದ ಯಾರೋ ದೇವರ ಹಳೆಯ ಹೂವಿನ ಪೊಟ್ಟಣವನ್ನು ಹಣೆಗೆ ಮುಟ್ಟಿಸಿ ನೀರಿಗೆಸೆದರು. ನಾನು ಚೀಟಿಯನ್ನು ಬಿಡಿಸಿದೆ. ಏನಿದೆಯೆಂದು ಗೊತ್ತಿದ್ದೂ ಬಿಡಿಸಿದೆ, ರಾತ್ರಿ ಬೆಳಗಾಗುವುದರೊಳಗೆ ಅದು ತಾನಾಗಿಯೇ ಬದಲಾಗಿರಬಹುದೇನೋ ಎಂಬಂತೆ. ಬದಲಾಗಿರಲಿಲ್ಲ. ಅಕ್ಷರ ಚೆಂದವಾಗಿಯೇ ಇತ್ತು. ಎಸೆದೆ. ಮಂಡಿಗೆ ಹೋಗಿ ಬೂದುಗುಂಬಳ ಆರಿಸಿದೆ.

ಲೀಲಾ ಹೋದಳು. ಅವಳು ಕಳಿಸುವ ಫೋಟೋಗಳನ್ನು ಶಶಿ ನನಗೂ ತೋರಿಸುತ್ತಾಳೆ, "ಚೆಂದ ಉಂಟಲ್ಲ" ಎನ್ನುತ್ತಾಳೆ, ಫೋನು ಕೆಳಗಿಡುತ್ತಾಳೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನನ್ನನ್ನು ಚುಚ್ಚಿ ಮಾತಾಡಿಲ್ಲ. ಯಾಕೆ ಚುಚ್ಚುತ್ತಾಳೆ, ಅವಳ ಮಟ್ಟಿಗೆ ನಾನು ಏನೂ ಮಾಡಿಲ್ಲವಲ್ಲ. ಡ್ಯೂಟಿ ಮುಗಿಸಿ ಬಂದು ಊದಿದ ಕಾಲನ್ನು ಬಕೆಟ್ಟಿನ ಬಿಸಿನೀರಿನಲ್ಲಿ ಇಟ್ಟುಕೊಂಡು ಕೂರುತ್ತಾಳೆ. ಆ ನೀರನ್ನು ಕಾಯಿಸಿ ಕೊಡುವವನು ನಾನು. ಒಳ್ಳೆಯ ಗಂಡ ಎಂದು ಬಿಲ್ಡಿಂಗಿನಲ್ಲೆಲ್ಲ ಹೆಸರಿದೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹೀಗೆಯೇ ಸಾಗಿಸಿಬಿಡುತ್ತಿದ್ದೆ — ಅಂಥವನು ನಾನು.

ಆದರೆ ಮಗಳ ಕೈ. ಮದುವೆ ಮುಂಜಿಗಳಲ್ಲಿ ನೆಂಟರು ಅವಳ ಕೈ ಹಿಡಿದು ತಮಾಷೆ ಮಾಡುತ್ತಿದ್ದರು: "ಇದು ನೋಡಿ, ಅಮ್ಮನ ವಿಮಾನ ನಿಲ್ಲಿಸಿದ ಕೈ." ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು, ನಾನೂ. ಯಾವಾಗ ಅವಳು ನಗುವುದನ್ನು ನಿಲ್ಲಿಸಿದಳೋ ಹೇಳಲಾರೆ. ಕನ್ನಡ ಸಂಘದ ಲಕ್ಕಿ ಡ್ರಾದಲ್ಲಿ ಚೀಟಿ ಎತ್ತಲು ಕರೆದರೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾಲೇಜಿನ ಅಡ್ಮಿಷನ್ನಿಗೆ ಕೊನೆಯ ಬಟನ್ ಒತ್ತಲು ಗೆಳತಿಯನ್ನು ಕರೆದಳು. ನಾನು ಎಲ್ಲವನ್ನೂ ನೋಡಿದೆ. ಮಕ್ಕಳಲ್ಲವೇ, ಏನೋ ಒಂದು ಹುಚ್ಚು ಎಂದುಕೊಂಡೆ. ಅದೇನೆಂದು ಗೊತ್ತಿತ್ತು. ಆದರೂ ಹಾಗೆಯೇ ಅಂದುಕೊಂಡೆ.

ಈಗ ಅವಳಿಗೆ ಇಪ್ಪತ್ತಮೂರು. ಫಿಸಿಯೋಥೆರಪಿ ಓದಿ, ಬೇರೆಯವರ ಬಿದ್ದ ಕೈಕಾಲುಗಳನ್ನು ಎಬ್ಬಿಸುವ ಕೆಲಸ ಮಾಡುತ್ತಾಳೆ. ನ್ಯೂಜಿಲ್ಯಾಂಡಿನಿಂದ ಕೆಲಸದ ಪತ್ರ ಬಂದಿದೆ. ಈ ತಿಂಗಳೊಳಗೆ ಉತ್ತರ ಕೊಡಬೇಕು. ಹೋದರೆ ಏನು, ಇದ್ದರೆ ಏನು ಎಂದು ಅವಳೂ ಫೋನಿನಲ್ಲಿ ಪಟ್ಟಿ ಮಾಡಿದಳು. ಯಾರ ಮಗಳೆಂದು ಗೊತ್ತಾಗುವ ಹಾಗೆ ಅದೂ ಸಮಸಮ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಶಶಿ ಅಂದಳು, "ಎಷ್ಟು ಅಂತ ಯೋಚನೆ ಮಾಡ್ತಿ. ನಾಳಿದ್ದು ಸೋಮವಾರ ಚೀಟಿ ಹಾಕುವ. ಪಪ್ಪ ಬರೀತಾರೆ, ನೀನು ಎತ್ತು."

ಅಕ್ಷತಾ ಕಲಸಿದ ಅನ್ನವನ್ನು ಹಾಗೆಯೇ ಬಿಟ್ಟಳು.

"ನಹೀ ಮಮ್ಮಿ. ನನ್ನ ಕೈ ಬೇಡ. ಪೆಹಲೇ ನಾನು ಲೆಫ್ಟ್‌ವಾಲಾ ಹಿಡಿದಿದ್ದೆ, ಮಾಲೂಮ್ ಹೈ? ಫಿರ್ ಬಿಟ್ಟೆ. ಅದೇ ಎತ್ತಿದ್ರೆ ನೀನು ಐರ್ಲೆಂಡ್‌ನಲ್ಲಿ ಇರ್ತಿದ್ದಿ. ನಿನ್ನ ಲೈಫ್ ನಾನೇ ರೋಕ್ ದಿಯಾ, ನಿಲ್ಲಿಸಿಬಿಟ್ಟೆ. ಅಬ್ ನಾನು ಹೇಗೆ ಹೋಗ್ಲಿ?"

ಆರು ವರ್ಷದ ಮಗು ಯಾವ ಕಡೆಗೆ ಕೈ ಹಾಕಿ ಬಿಟ್ಟಿತೆಂಬುದು ನನಗೊಬ್ಬನಿಗೇ ನೆನಪಿದೆ ಎಂದುಕೊಂಡಿದ್ದೆ.

ಶಶಿ ಎಡಗೈಯಿಂದ ಅವಳ ತಲೆ ಸವರಿದಳು. "ಹುಚ್ಚು ಹುಡುಗಿ. ಅದು ನೀನಲ್ಲ, ದೇವರು" ಅಂದಳು.

ಒಬ್ಬಳು ತನ್ನ ಕೈಯನ್ನು ದೂರಿದಳು, ಇನ್ನೊಬ್ಬಳು ದೇವರ ಮೇಲೆ ಹಾಕಿದಳು. ನಾನು ಮೂರನೆಯವನು, ಬಾಯಲ್ಲಿ ತುತ್ತು ಇಟ್ಟುಕೊಂಡು ಕೂತಿದ್ದೆ. ನುಂಗಿದೆ. ಮಜ್ಜಿಗೆ ಹಾಕಿಸಿಕೊಂಡೆ. ಆಗಲೂ ನನಗೆ ಅಳು ಬರಲಿಲ್ಲ, ಎದೆ ಡವಗುಟ್ಟಲಿಲ್ಲ, ಏನೂ ಆಗಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಕೊನೆಗೆ ಪಕ್ಕದ ಮನೆಯ ಮಗುವಿನ ಕೈಯಿಂದ ಎತ್ತಿಸುವುದು ಎಂದು ತೀರ್ಮಾನವಾಯಿತು. ಅಕ್ಷತಾ ಇಷ್ಟವಿಲ್ಲದೆ ತಲೆಯಾಡಿಸಿದಳು. ಶಶಿ ನನಗೆ ನೆನಪಿಸಿದಳು, "ಬರೆದಿಡಿ ಆಯ್ತಾ?"

ಇವತ್ತು ಭಾನುವಾರ. ಎರಡು ತುಂಡು ಕಾಗದ ಹರಿದು ಎದುರಿಗಿಟ್ಟುಕೊಂಡು ಕೂತೆ. ಅವುಗಳ ಮೇಲೆ ಏನನ್ನೂ ಬರೆಯಲಾಗಲಿಲ್ಲ. ಪ್ಯಾಡಿನ ಉಳಿದ ಹಾಳೆಗಳ ಮೇಲೆ ಇಷ್ಟು ಬರೆದೆ.

ಇದನ್ನು ಸುಮ್ಮನೆ ಹರಿವಾಣದಲ್ಲಿಟ್ಟು ಹೋಟೆಲಿಗೆ ಬಂದುಬಿಡೋಣ, ಅವರೇ ಓದಿಕೊಳ್ಳಲಿ ಎಂದೂ ಯೋಚಿಸಿದೆ. ಅದು ಆಗದು. ಅಕ್ಷತಾಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಐರ್ಲೆಂಡಿಗೆ ಹೋಗದೆಯೂ, ಇಲ್ಲಿಯೇ ಇದ್ದೂ, ಅವಳಿಗೆ ನಾನು ಕನ್ನಡ ಕಲಿಸಲಿಲ್ಲ. ಹಾಗಾಗಿ ನಾನೇ ಕೂತು, ಬಾಯಿಬಿಟ್ಟು ಓದಬೇಕು. ಶಶಿ ಪಕ್ಕದಲ್ಲೇ ಇರುತ್ತಾಳೆ. ಅವಳು ಏನು ಮಾಡುತ್ತಾಳೋ, ಏನನ್ನುತ್ತಾಳೋ, ಅದು ಅವಳಿಗೆ ಬಿಟ್ಟದ್ದು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಟ್ಟಾಳು.

ನಾಳೆ ಬೆಳಿಗ್ಗೆ, ಪಕ್ಕದ ಮನೆಯ ಮಗುವನ್ನು ಕರೆಯುವ ಮೊದಲೇ, ಮೊದಲ ಸಾಲಿನಿಂದ ಶುರುಮಾಡುತ್ತೇನೆ. ಇಷ್ಟರಲ್ಲಿ ಎಲ್ಲಿಯೂ ಬಾರದ ಒಂದು ಮಾತನ್ನು ಕೊನೆಗೆ ಹೇಳಬೇಕು, ಮರೆಯದಿರಲೆಂದು ಇಲ್ಲಿಯೇ ಬರೆದಿಡುತ್ತೇನೆ: ಮಗಳೇ, ನಿನ್ನ ಕೈ ಏನೂ ಮಾಡಲಿಲ್ಲ. ಅವತ್ತು ಎಡಗಡೆಯದನ್ನು ಎತ್ತಿದ್ದರೂ ನನ್ನ ಅದೇ ಅಕ್ಷರ ಬರುತ್ತಿತ್ತು.