ಆಟಿಯ ಇಪ್ಪತ್ತು

ಭ್ರೂಣವಿಜ್ಞಾನದ ಆರಂಭಕಾಲದಲ್ಲಿ ದಿನಗಣನೆ ಸುಲಭವಾಗಿತ್ತು. ಕಾವಿಗಿಟ್ಟ ಕೋಳಿಮೊಟ್ಟೆಗಳನ್ನು ದಿನಕ್ಕೊಂದರಂತೆ ಒಡೆದು ನೋಡಿದರೆ ಸಾಕಿತ್ತು. ಮನುಷ್ಯನ ವಿಷಯದಲ್ಲಿ ಮೊದಲ ದಿನವೇ ಅನುಮಾನಾಸ್ಪದ. ಆದ್ದರಿಂದ ನಮ್ಮ ಶಾಸ್ತ್ರವು ಕ್ರಮೇಣ ಭ್ರೂಣದ ವಯಸ್ಸನ್ನು ನೆಚ್ಚದೆ, ಅದರ ರೂಪದಿಂದಲೇ ಹಂತಗಳನ್ನು ಗುರುತಿಸಲು ಕಲಿಯಿತು. ಇದನ್ನು ನಿವೃತ್ತಿಯವರೆಗೂ ಪಾಠ ಹೇಳಿದವನು ನಾನು.

ಕಳೆದ ಸೆಪ್ಟೆಂಬರಿನಲ್ಲಿ ತಂಗಿ ತನ್ನ ಮಗಳನ್ನು ಮಂಡೆಕೋಲಿನಿಂದ ಪುತ್ತೂರಿಗೆ ಸ್ಕ್ಯಾನಿಂಗಿಗೆ ಕರೆತಂದಿದ್ದಳು. ಮುಗಿಸಿಕೊಂಡು ಅಲ್ಲೇ ದರ್ಬೆಯಲ್ಲಿರುವ ನಮ್ಮ ಮನೆಗೆ ಬಂದವರೇ ಇಬ್ಬರೂ ಕುಸಿದು ಕುಳಿತರು. ಎಂಟು ವಾರವಾದರೂ ಹೃದಯದ ಬಡಿತವಿಲ್ಲ, ಬೆಳವಣಿಗೆ ನಿಂತಿದೆ, ನಾಳೆಯೇ ಬಂದು ತೆಗೆಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರಂತೆ.

"ಎಂಟು ವಾರ ಎಂದು ಲೆಕ್ಕ ಕೊಟ್ಟದ್ದು ಯಾರು?" ಎಂದೆ.

"ತಾರೀಕು ಹೇಳಿದ್ದು ನಾನೇ ಅಣ್ಣ," ಎಂದಳು ತಂಗಿ. "ಇವಳು ನೀರು ಕುಡಿಲಿಕ್ಕೆ ಹೋಗಿದ್ಳು. ಕಡೇ ಮುಟ್ಟು ಯಾವಾಗ ಅಂತ ಕೇಳಿದ್ರು, ಆಟಿ ಇಪ್ಪತ್ತು ಅಂದೆ. ಆಟಿ ಅಂದ್ರೆ ಜುಲೈ ಅಲ್ವಾ ಅಂತ ಕೇಳಿದ್ಳು ಅಲ್ಲಿ ಚೀಟಿ ಬರೆಯುವ ಹುಡುಗಿ. ಹೌದು ಅಂದೆ."

ನಮ್ಮ ತುಳುವರ ಆಟಿ ತಿಂಗಳು ಹುಟ್ಟುವುದೇ ಜುಲೈ ನಡುವಿನಲ್ಲಿ. ಅದರ ಇಪ್ಪತ್ತನೆಯ ದಿನ ಬೀಳುವುದು ಆಗಸ್ಟಿನ ಮೊದಲ ವಾರದಲ್ಲಿ. ಪಂಚಾಂಗ ತೆಗೆದು ಎರಡೆರಡು ಸಲ ನೋಡಿದೆ. ಗರ್ಭಕ್ಕೆ ಇನ್ನೂ ಆರು ವಾರವೂ ತುಂಬಿರಲಿಲ್ಲ. ಬಡಿತ ಕಾಣದಿರುವುದು ಆ ವಯಸ್ಸಿಗೆ ಅಸಹಜವೇ ಅಲ್ಲ. ಆದರೂ ಒಂದೇ ಆಧಾರವನ್ನು ನಂಬುವ ಅಭ್ಯಾಸ ನನಗಿಲ್ಲ.

"ಆಟಿಯಲ್ಲಿ ನೀನು ಎಲ್ಲಿದ್ದೆ?" ಎಂದು ತಂಗಿಯ ಮಗಳನ್ನು ಕೇಳಿದೆ.

"ಅಮ್ಮನ ಮನೆಯಲ್ಲೇ ಮಾವ. ಹೊಸ ಮದುಮಗಳಲ್ವಾ, ಆಟಿ ಕೂರಲಿಕ್ಕೆ ಬಂದದ್ದು."

"ತಿಂಗಳಿಡೀ ಅಳಿಯ ಈ ಕಡೆ ತಲೆ ಹಾಕಿಲ್ಲ," ತಂಗಿ ಕಣ್ಣೊರೆಸಿಕೊಳ್ಳುತ್ತಲೇ ಸೇರಿಸಿದಳು. "ಕೋಳಿ ಸಾರು ಉಂಟು ಅಂದ್ರೂ ಬರ್ಲಿಲ್ಲ ಪುಣ್ಯಾತ್ಮ!"

ಗರ್ಭ ನಿಲ್ಲುವುದು ಮುಟ್ಟಾದ ಸುಮಾರು ಎರಡು ವಾರಕ್ಕೆ. ಆಸ್ಪತ್ರೆಯ ಲೆಕ್ಕವನ್ನು ಒಪ್ಪಿದರೆ, ಆಟಿ ಮುಗಿಯುವ ಮೊದಲೇ, ಗಂಡಹೆಂಡತಿ ಬೇರೆ ಬೇರೆ ಊರಿನಲ್ಲಿದ್ದಾಗಲೇ ಗರ್ಭ ನಿಂತಿರಬೇಕು! ಒಂದು 'ಹೌದು' ಎಲ್ಲಿಗೆ ತಂದು ನಿಲ್ಲಿಸಿತ್ತು ಎಂಬುದು ಅರಿವಾಗುತ್ತಲೇ ಡಾಕ್ಟರಿಗೆ ಫೋನು ಮಾಡಿ ಎಲ್ಲವನ್ನೂ ವಿವರಿಸಿದೆ. ಅವರು ತಾರೀಕನ್ನು ಮತ್ತೆ ಕೇಳಿ ಬರೆದುಕೊಂಡರು. ಆಮೇಲೆ, "ನಾಳೆ ಬೇಡ. ಹತ್ತು ದಿನ ಬಿಟ್ಟು ಇನ್ನೊಮ್ಮೆ ನೋಡುವ. ನೀವೂ ಬನ್ನಿ," ಎಂದರು.

ಆ ದಿನಗಳಲ್ಲಿ ಯಾರಿಗೂ ಊಟ ಸೇರಲಿಲ್ಲ. ನನ್ನ ಗಣನೆ ಸರಿಯಿದ್ದರೂ ಭ್ರೂಣ ನಿಜವಾಗಿಯೇ ಬೆಳೆಯದಿರುವ ಸಾಧ್ಯತೆ ಇತ್ತು. ಅದನ್ನು ಅವರಿಗೆ ಹೇಳದೆ ಇರಲಾಗಲಿಲ್ಲ.

ಮತ್ತೆ ಹೋದಾಗ ಪರದೆಯ ಮೇಲೆ ಬೂದುಬಣ್ಣದ ಒಂದು ಕಾಳು, ಅದರ ನಡುವೆ ಮಿಣುಕು. ಈ ಹಂತದ ಮಾನವ ಹೃದಯವನ್ನು ನಾನು ಕಂಡದ್ದೆಲ್ಲ ಬಣ್ಣ ಹಾಕಿ ಗಾಜಿನ ಮೇಲೆ ಅಂಟಿಸಿದ ತೆಳುಪದರಗಳಲ್ಲಿ. ಇದು ಬಡಿಯುತ್ತಿತ್ತು. ನಾನು ಗೋಡೆ ಹಿಡಿದುಕೊಂಡೆ.

"ಮಾವ, ಕೂತ್ಕೊಳ್ಳಿ," ಎಂದಳು ಮಲಗಿದ್ದವಳು, ಅಳುತ್ತ ನಗುತ್ತ. "ಬಸುರಿ ನಾನಾ, ನೀವಾ?"